ಮದುವೆ ಚಪ್ಪರದಲ್ಲಿ ಒಂಟಿಗಾಲಿನ ಕೋಲು

ಧಾರೆ ಎರೆಯುವುದು ಒಂದೇ ಸಲ. “ಇನ್ನೊಮ್ಮೆ ಎರೆಯಿರಿ” ಎಂದು ಕ್ಯಾಮರಾ ಹಿಡಿದವನು ಹೇಳುವಂತಿಲ್ಲ. ಹಿಂದೊಮ್ಮೆ ಕುಂಬಳೆ ಸೀಮೆಯ ಮನೆಯೊಂದರಲ್ಲಿ ನಾವು ವಿಡಿಯೋ ಕ್ಯಾಮರಾವನ್ನು ಬರಿಗೈಯಲ್ಲೇ ಹಿಡಿದು ನಿಂತಿದ್ದೆವು. ಅಜ್ಜಿ ಮದುಮಗಳ ತಲೆಗೆ ಅಕ್ಷತೆ ಹಾಕುವ ಹೊತ್ತಿಗೆ ಕೈ ಸೋತಿತ್ತು. ಮರುವರ್ಷ ಅಜ್ಜಿ ತೀರಿಕೊಂಡರು. ಮನೆಯವರು ಆ ಭಾಗವನ್ನು ಹಾಕಿ ನೋಡಿದಾಗ ಕಂಡದ್ದು ನಡುಗುವ ಮುಖ. ತಪ್ಪು ನಮ್ಮದೇ.

1983ರಲ್ಲಿ ಬಂದ ಸೋನಿ ಬೀಟಾಮೂವಿಯಂತಹ ಕ್ಯಾಮರಾಗಳು ಹೆಗಲ ಮೇಲೆ ಕೂರುತ್ತಿದ್ದವು. ಆ ಭಾರವೇ ಅವುಗಳನ್ನು ಅಲುಗದಂತೆ ಹಿಡಿಯುತ್ತಿತ್ತು. ಇಂದಿನವು ಹಗುರ, ಅಂಗೈಯ ಸಣ್ಣ ನಡುಕವೂ ಚಿತ್ರದಲ್ಲಿ ಕಾಣುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಇಟ್ಟರೆ ನಡುಕವಿಲ್ಲ, ನಿಜ. ಆದರೆ ನೆಂಟರು ಎಡವುತ್ತಾರೆ, ಪುರೋಹಿತರು ಗದರುತ್ತಾರೆ. ಜಾಗ ಬದಲಿಸುವಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ.

ಇಂತಲ್ಲಿ ಒದಗುವುದು ಮಾನೋಪಾಡ್ ಎಂಬ ಒಂಟಿಗಾಲಿನ ಕೋಲು. ಕ್ಯಾಮರಾದ ಭಾರ ನೆಲಕ್ಕೆ ಇಳಿಯುವುದರಿಂದ ಕೈ ದಣಿಯದು, ಮೇಲೆ ಕೆಳಗೆ ಕುಲುಕುವುದೂ ನಿಲ್ಲುತ್ತದೆ. ಅತ್ತಿತ್ತ ವಾಲುವುದು ಮಾತ್ರ ಉಳಿಯುತ್ತದೆ. ಅದಕ್ಕೆ ಕೋಲನ್ನು ತುಸು ಮುಂದಕ್ಕೆ ಊರಿ, ಕಾಲುಗಳನ್ನು ಅಗಲಿಸಿ ನಿಲ್ಲಬೇಕು. ಆಗ ನಮ್ಮ ಎರಡು ಕಾಲೂ ಸೇರಿ ಮೂರಾಗುತ್ತವೆ. ಮೊಣಕೈ ಪಕ್ಕೆಗೆ ಒತ್ತಿರಲಿ, ಕ್ಯಾಮರಾ ಕಣ್ಣಿನ ಮಟ್ಟದಲ್ಲಿರಲಿ. ನುಣುಪು ನೆಲವಾದರೆ ಕೋಲಿಗೆ ರಬ್ಬರಿನ ಪಾದ ಬೇಕು. ಒಂದೊಂದು ದೃಶ್ಯವನ್ನು ಹತ್ತು ಸೆಕೆಂಡಾದರೂ ಅಲುಗಿಸದೆ ಹಿಡಿಯಬೇಕು. ಕೋಲನ್ನು ಒಂಟಿಯಾಗಿ ಬಿಟ್ಟು ಊಟಕ್ಕೆ ಮಾತ್ರ ಹೋಗಬಾರದು. ಅದು ತಾನಾಗಿ ನಿಲ್ಲದು.

ಮದುವೆಯ ಪಾಯಸದ ರುಚಿ ನಾಲ್ಕು ದಿನದಲ್ಲಿ ಮರೆತೀತು. ಹರಸಿದ ಹಿರಿಯರ ಮುಖವನ್ನಾದರೂ ಮೊಮ್ಮಕ್ಕಳು ನೆಟ್ಟಗೆ ನೋಡುವಂತಾಗಲಿ.