ಪ್ರಶ್ನೆ ಯಾರದು? ಹದಿಹರೆಯದವರ ಕ್ಷೇಮವನ್ನು ಅರಿಯುವ ಒಂದು ಬಗೆ

ಗೋಕಾಕ–ಮೂಡಲಗಿ ಸೀಮೆಯ ಕೌಜಲಗಿಯಲ್ಲಿ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳೋಣ. ಡಾಕ್ಟರೇಟ್ ಪದವಿಗಾಗಿ ಹದಿಹರೆಯದವರ ಕ್ಷೇಮವನ್ನು ಅಭ್ಯಸಿಸುತ್ತಿರುವ ಸಂಶೋಧಕಿಯೊಬ್ಬರು ಒಂಬತ್ತನೆಯ ತರಗತಿಗೆ ಬಂದು ಅಚ್ಚಾದ ಪ್ರಶ್ನಾವಳಿಯನ್ನು ಹಂಚುತ್ತಾರೆ. “ಶಾಲೆಗೆ ಬರಲು ನಿನಗೆ ಸಂತೋಷವೇ? ಬಹಳ, ಸ್ವಲ್ಪ, ಇಲ್ಲ.” ಗುರುಗಳು ಬಾಗಿಲ ಬಳಿಯಲ್ಲೇ ನಿಂತಿದ್ದಾರೆ. ತರಗತಿಯ ಬಹುಮಂದಿ ‘ಬಹಳ’ ಎಂಬುದಕ್ಕೆ ಗುರುತು ಹಾಕುತ್ತಾರೆ. ಸಂಶೋಧಕಿಗೆ ಅಂಕಿಗಳು ದೊರೆತವು, ಸತ್ಯ ದೊರೆಯಿತೇ?

ಉಷ್ಣಮಾಪಕವನ್ನು ನೀರಿನಲ್ಲಿ ಅದ್ದಿದರೆ ನೀರು ತನ್ನ ಶಾಖವನ್ನು ಮರೆಮಾಚುವುದಿಲ್ಲ. ಮನುಷ್ಯನಾದರೋ ಕೇಳುವವರ ಮುಖವನ್ನು ನೋಡಿ ಉತ್ತರ ಕೊಡುತ್ತಾನೆ. ಇದು ಪ್ರಶ್ನಾವಳಿಯ ಮೊದಲನೆಯ ತೊಡಕು. ಎರಡನೆಯದು ಇನ್ನೂ ಸೂಕ್ಷ್ಮವಾದುದು: ಸಂಶೋಧಕರಿಗೆ ತೋಚಿದ ಪ್ರಶ್ನೆಗಳು ಮಾತ್ರವೇ ಅದರಲ್ಲಿರುತ್ತವೆ. ತೋಚದೆ ಹೋದ ಸಂಗತಿಗೆ ಉತ್ತರ ಬರೆಯಲು ಕಾಗದದಲ್ಲಿ ಜಾಗವೇ ಇಲ್ಲ. ಹತ್ತರಿಂದ ಹತ್ತೊಂಬತ್ತು ವರ್ಷಗಳ ವಯಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಕರೆಯುತ್ತದೆ. ಹಿರಿಯರಿಗೆ ಹೇಳಲಾರದ ಸಂಗತಿಗಳು ಮನಸ್ಸಿನಲ್ಲಿ ತುಂಬಿಕೊಳ್ಳುವ ವಯಸ್ಸು ಇದೇ ಆದುದರಿಂದ ಈ ತೊಡಕುಗಳು ಇಲ್ಲಿ ಇಮ್ಮಡಿಯಾಗುತ್ತವೆ.

ಇವನ್ನು ನಿವಾರಿಸಲು ಹುಟ್ಟಿದ ಉಪಾಯಗಳಿಗೆ ಸಹಭಾಗಿ ಪದ್ಧತಿಗಳೆಂದು ಹೆಸರು. ಅವುಗಳ ಕ್ರಮವನ್ನು ನೋಡೋಣ. ನಮ್ಮ ಸಂಶೋಧಕಿ ಪ್ರಶ್ನಾವಳಿಯನ್ನು ಬದಿಗಿಟ್ಟು, ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಿರೆಂದು ಮಕ್ಕಳಿಗೆ ಹೇಳುತ್ತಾರೆ. ಹುಡುಗರ ಗುಂಪು ಬೇರೆ, ಹುಡುಗಿಯರ ಗುಂಪು ಬೇರೆ. ಹುಡುಗರ ನಕ್ಷೆಯಲ್ಲಿ ಆಟದ ಬಯಲೂ ಬಸ್ ನಿಲ್ದಾಣವೂ ದೊಡ್ಡದಾಗಿ ಮೂಡಿದರೆ, ಹುಡುಗಿಯರು ಆಳೆತ್ತರದ ಕಬ್ಬಿನ ನಡುವೆ ಹಾಯುವ ದಾರಿಯ ಮೇಲೆ ಕಲ್ಲುಗಳನ್ನಿಟ್ಟು, ಸಂಜೆ ಇಲ್ಲಿ ಭಯವಾಗುತ್ತದೆ ಎನ್ನಬಹುದು. ಆ ದಾರಿಯ ಮಾತು ಪ್ರಶ್ನಾವಳಿಯಲ್ಲಿ ಇರಲೇ ಇಲ್ಲ! ಬಳಿಕ ಒಬ್ಬೊಬ್ಬರಿಗೂ ಹತ್ತು ಜೋಳದ ಕಾಳು ಕೊಟ್ಟು, ತೊಂದರೆಗಳ ಗುರುತುಗಳ ಮುಂದೆ ಹಂಚಿರೆಂದರೆ, ಯಾವುದು ಹೆಚ್ಚು ಬಾಧಿಸುತ್ತದೆಂಬುದು ಎಣಿಕೆಗೇ ಸಿಕ್ಕುತ್ತದೆ. ಹೇಳಲು ನಾಚುವುದನ್ನು ವೇಷದ ಮರೆಯಲ್ಲಿ ನಾಟಕವಾಡಿಯೂ ಹೇಳಬಹುದು. ಶ್ರೀಕೃಷ್ಣಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನವರ ಊರಿನವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಈ ವಿಧಾನದ ಬೆಳವಣಿಗೆಯಲ್ಲಿ ಕರ್ನಾಟಕಕ್ಕೆ ಪಾಲುಂಟು. ೧೯೮೦ರ ದಶಕದ ಕೊನೆಯಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯವರು ಹಳ್ಳಿಗರಿಂದಲೇ ನೆಲದ ಮೇಲೆ ನಕ್ಷೆ ಬರೆಯಿಸಿ, ಊರಿನ ಕೆಲಸಗಳನ್ನು ಯೋಜಿಸತೊಡಗಿದರು. ೧೯೯೧ರ ಫೆಬ್ರವರಿಯಲ್ಲಿ ಈ ಪದ್ಧತಿಯ ತರಬೇತುದಾರರ ಕಮ್ಮಟವೊಂದು ಬೆಂಗಳೂರಿನಲ್ಲಿ ನಡೆಯಿತು. ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಅವರ ಬರಹಗಳ ಮೂಲಕ ಇದು ಲೋಕದಲ್ಲೆಲ್ಲ ಹರಡಿತು. ಅದೇ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಚೀನದ ಯುನ್ನಾನ್ ಪ್ರಾಂತದ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ಅವರ ಬಾಳನ್ನು ಅವರ ಕಣ್ಣಿನಿಂದಲೇ ಕಾಣಿಸಿದರು.

ಹಾಗಾದರೆ, ಕೂಡಿ ಕುಳಿತು ಮಾತನಾಡಿದ ಮಾತ್ರಕ್ಕೆ ಅದು ವಿಜ್ಞಾನವಾದೀತೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ತೊಂದರೆ ಯಾವುದೆಂದು ತಿಳಿಯುವುದು ಒಂದು. ಅದಕ್ಕೆ ಹೂಡಿದ ಉಪಾಯ ಫಲಿಸಿತೇ ಎಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಕಠಿನವಾದ ಪರೀಕ್ಷೆ ಬೇಕು. ಇದಕ್ಕೆ ನೆರೆಯ ಜಿಲ್ಲೆಗಳಲ್ಲೇ ಒಂದು ನಿದರ್ಶನವಿದೆ.

೨೦೧೪ರಿಂದ ೨೦೧೭ರವರೆಗೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ‘ಸಮತಾ’ ಎಂಬ ಯೋಜನೆ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟ್ ಹಾಗೂ ಲಂಡನ್ನಿನ ಸಾರ್ವಜನಿಕ ಆರೋಗ್ಯ ವಿದ್ಯಾಲಯದ ಸಂಶೋಧಕರು ಅದರಲ್ಲಿದ್ದರು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಪ್ರೌಢಶಿಕ್ಷಣವನ್ನು ಪೂರೈಸಬೇಕು, ಬಾಲ್ಯವಿವಾಹ ತಗ್ಗಬೇಕು ಎಂಬುದು ಉದ್ದೇಶ. ಹುಡುಗಿಯರ ಗುಂಪುಗಳಲ್ಲಿ ಮಾತುಕತೆ ನಡೆಯಿತು; ತಂದೆತಾಯಿಗಳು, ಹುಡುಗರು, ಶಾಲೆಗಳು ಎಲ್ಲರೊಡನೆಯೂ ಕೆಲಸ ಮಾಡಲಾಯಿತು. ಎಂಬತ್ತು ಗ್ರಾಮ ಸಮೂಹಗಳಲ್ಲಿ ಚೀಟಿ ಎತ್ತಿದಂತೆ ಅರ್ಧವನ್ನು ಯೋಜನೆಗೆ ಆರಿಸಿ, ಉಳಿದರ್ಧವನ್ನು ಹೋಲಿಕೆಗೆ ಇಟ್ಟುಕೊಂಡರು. ಕೊನೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕ ಹುಡುಗಿಯರನ್ನು ವಿಚಾರಿಸಿ, ೨೦೧೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಎರಡೂ ಕಡೆಗಳಲ್ಲಿ ಸುಮಾರು ಕಾಲುಭಾಗ ಹುಡುಗಿಯರು ಪ್ರೌಢಶಿಕ್ಷಣವನ್ನು ಪೂರೈಸಿರಲಿಲ್ಲ, ಸುಮಾರು ಹತ್ತರಲ್ಲೊಬ್ಬಳಿಗೆ ಮದುವೆಯಾಗಿತ್ತು. ಹೇಳಿಕೊಳ್ಳುವಂಥ ಅಂತರವೇನೂ ಕಾಣಲಿಲ್ಲ.

ಹೋಲಿಕೆಯ ಹಳ್ಳಿಗಳು ಇಲ್ಲದಿದ್ದರೆ, ಮುಕ್ಕಾಲು ಪಾಲು ಹುಡುಗಿಯರು ಓದು ಮುಗಿಸಿದುದನ್ನೇ ಯೋಜನೆಯ ಜಯವೆಂದು ಸಾರಬಹುದಾಗಿತ್ತು. ಅನುಕೂಲವಲ್ಲದ ಫಲವನ್ನೂ ಮುಚ್ಚಿಡದೆ ಮುದ್ರಿಸಿದುದು ಅಲ್ಲಿನ ದೊಡ್ಡ ಪಾಠ.

ಬೇರೆ ಬಗೆಯ ಫಲವೂ ಉಂಟು. ಬಿಹಾರದ ನಳಂದ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಕಾರ್ಯಕ್ರಮ ನಡೆಯಿತು. ಅದರ ಮೊದಲ ಫಲಿತಾಂಶ ಪ್ರಕಟವಾದುದು ೨೦೧೮ರಲ್ಲಿ. ವಿದ್ಯಾರ್ಥಿಗಳು ಗೋಡೆಪತ್ರಿಕೆ ಬರೆದರು. ಹೆಸರು ಹೇಳದೆ ತಮ್ಮ ದೂರುಗಳನ್ನು ಪೆಟ್ಟಿಗೆಯಲ್ಲಿ ಹಾಕಿದರು. ಇದಕ್ಕೆಂದೇ ನೇಮಕವಾದ ಆಪ್ತಸಲಹೆಗಾರರು ಕೆಲಸವನ್ನು ನಡೆಸಿದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು. ಖಿನ್ನತೆಯೂ ಒಬ್ಬರನ್ನೊಬ್ಬರು ಪೀಡಿಸುವುದೂ ಕಡಮೆಯಾದವು. ಅದೇ ಕಾರ್ಯಕ್ರಮವನ್ನು ಅಧ್ಯಾಪಕರು ನಡೆಸಿದಲ್ಲಿ ಅಂಥ ಫಲ ಕಾಣಲಿಲ್ಲ. ಉಪಾಯ ಒಂದೇ ಆದರೂ ನಡೆಸುವವರು ಯಾರೆಂಬುದರ ಮೇಲೆ ಫಲ ಬದಲಾಯಿತೆಂಬುದನ್ನು ಗಮನಿಸಬೇಕು.

ಇನ್ನು ಸಂಶೋಧಕರ ಹೊಣೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗದರ್ಶಿಯಂತೆ, ತಂದೆತಾಯಿಗಳ ಅನುಮತಿಯ ಜೊತೆಗೆ ಹನ್ನೆರಡರಿಂದ ಹದಿನೆಂಟು ವರ್ಷದವರ ಲಿಖಿತ ಸಮ್ಮತಿಯೂ ಬೇಕು. “ಒಲ್ಲೆ” ಎನ್ನುವ ಹಕ್ಕು ವಿದ್ಯಾರ್ಥಿಗೆ ಇದ್ದೇ ಇದೆ. ಆದರೆ ಎಲ್ಲವನ್ನೂ ಗುಟ್ಟಾಗಿಡುತ್ತೇವೆಂಬ ಭಾಷೆಯನ್ನು ಸಂಶೋಧಕರು ಕೊಡಲಾರರು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು ೨೦೧೨ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. ಆದಕಾರಣ ಈ ಮಿತಿಯನ್ನು ಮಾತಿಗೆ ಮೊದಲೇ ಮಕ್ಕಳಿಗೆ ತಿಳಿಸತಕ್ಕದ್ದು.

ನಕ್ಷೆಯ ಮೇಲೆ ಕಲ್ಲಿಟ್ಟವರಿಗೆ ಏನು ದೊರೆಯಿತು ಎಂಬುದು ಕೊನೆಯ ಪ್ರಶ್ನೆ. ಡಾಕ್ಟರೇಟ್ ಪ್ರಬಂಧದ ಮೇಲೆ ಹೆಸರು ಒಬ್ಬರದೇ, ಪದವಿಯೂ ಒಬ್ಬರಿಗೇ. ಆದ್ದರಿಂದ ಕಂಡುಕೊಂಡುದನ್ನು ಸಂಶೋಧಕರು ಮೊದಲು ಮಕ್ಕಳ ಮುಂದಿಟ್ಟು, “ನಾವು ತಿಳಿದುದು ಸರಿಯೇ?” ಎಂದು ಕೇಳಿ ತಿದ್ದಿಸಿಕೊಳ್ಳಬೇಕು. ಆ ಮಾತು ಊರನ್ನು ಮುಟ್ಟಲು ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆಯೆಂಬ ವೇದಿಕೆಯಿದೆ. ೨೦೦೬ರಲ್ಲಿ ಸರ್ಕಾರವು ಅದಕ್ಕೆ ಆದೇಶ ಹೊರಡಿಸಿತು. ಕಬ್ಬಿನ ದಾರಿಗೆ ಒಂದು ದೀಪ ಬೇಕೆಂಬ ಮಾತು ಪಂಚಾಯಿತಿಯ ಪುಸ್ತಕದಲ್ಲಿ ದಾಖಲಾಗಬಹುದಾದುದು ಅಲ್ಲಿ.

ವಾಚಕರಲ್ಲಿ ಕೆಲವರು ಮುಂದೆ ಸಂಶೋಧಕರಾಗಬಹುದು. ಇನ್ನು ಕೆಲವರ ತರಗತಿಗೆ ನಾಳೆಯೇ ಸಂಶೋಧಕರು ಬರಬಹುದು. ಬಂದಾಗ, “ನಮ್ಮ ಉತ್ತರದಿಂದ ಏನು ಮಾಡುವಿರಿ? ಫಲವನ್ನು ನಮಗೆ ಯಾವಾಗ ತಿಳಿಸುವಿರಿ?” ಎಂದು ವಿನಯದಿಂದ ಕೇಳಬೇಕು. ಹಾಗೆ ಕೇಳುವುದು ಉದ್ಧಟತನವಲ್ಲ. ಸಂಶೋಧನೆಯಲ್ಲಿ ನೀವೂ ಪಾಲುಗೊಳ್ಳುವುದು ಆ ಪ್ರಶ್ನೆಯಿಂದಲೇ ಮೊದಲಾಗುತ್ತದೆ.