ಅಕ್ಷರ ಅಳಿಯದೆ ಜೀನ್ ಮೌನವಾಗುವ ಬಗೆ: ಹತ್ತನೇ ತರಗತಿಯ ಒಂದು ಅನುಭವ

ಅಭ್ಯಾಸ ಬೋಧನೆಯ ಎರಡನೇ ವಾರ ಅನುವಂಶೀಯತೆಯ ಪಾಠ ನನ್ನದಾಗಿತ್ತು. ‘ಜೀನಿನ ಅಕ್ಷರಗಳು ಕೆಟ್ಟಾಗ ಕ್ಯಾನ್ಸರ್ ಬರುತ್ತದೆ’ ಎಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅದು ಅರ್ಧ ಮಾತ್ರ ನಿಜ. ಅಕ್ಷರ ಕೆಡದೆಯೂ ಜೀನ್ ಸುಮ್ಮನಾಗಬಹುದು.

ಇದನ್ನು ತೋರಿಸಲು ನೋಟ್‌ಬುಕ್ಕಿನ ಎರಡು ಹಾಳೆಗಳ ಅಂಚಿಗೆ ಪಿನ್ ಹೊಡೆದು ಮಕ್ಕಳ ಕೈಗೆ ಕೊಟ್ಟೆ. ಒಳಗಿನ ಬರಹ ಹಾಗೇ ಇದೆ, ಓದಲು ಆಗದು. ಡಿಎನ್‌ಎಯಲ್ಲಿ ಆ ಪಿನ್ ಎಂದರೆ ಮೀಥೈಲ್ ಗುಂಪು: ಒಂದು ಕಾರ್ಬನ್, ಮೂರು ಹೈಡ್ರೋಜನ್. ಗ್ವಾನಿನ್‌ನ ಹಿಂದಿರುವ ಸೈಟೋಸಿನ್‌ಗೆ ಕಿಣ್ವವೊಂದು ಅದನ್ನು ಜೋಡಿಸುತ್ತದೆ. ಜೀನಿನ ಆರಂಭದ ಪ್ರೊಮೋಟರ್ ಭಾಗದಲ್ಲಿ ಇವು ಒತ್ತಾಗಿ ಕೂತರೆ ಆ ಜೀನನ್ನು ಓದುವುದು ನಿಲ್ಲುತ್ತದೆ. ಪಿ16 ಜೀನ್ ಕೋಶವಿಭಜನೆಗೆ ಬ್ರೇಕ್ ಇದ್ದಂತೆ. ಅದು ಮೌನವಾದರೆ ಬ್ರೇಕ್ ಸಡಿಲ.

ಮೊದಲ ಹಂತದ ಶ್ವಾಸಕೋಶ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದರೂ ಕೆಲವರಲ್ಲಿ ಅದು ಮರಳುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 40 ತಿಂಗಳೊಳಗೆ ರೋಗ ಮರಳಿದ 51 ಮಂದಿಯನ್ನು ಮರಳದ 116 ಮಂದಿಯೊಡನೆ ಹೋಲಿಸಿದರು. ಪಿ16 ಸೇರಿದಂತೆ ನಾಲ್ಕು ಜೀನ್‌ಗಳ ಮೀಥೈಲೀಕರಣಕ್ಕೂ ರೋಗ ಬೇಗ ಮರಳುವುದಕ್ಕೂ ನಂಟು ಕಂಡಿತು. ಸೂಕ್ಷ್ಮದರ್ಶಕಕ್ಕೆ ಶುದ್ಧವೆಂದು ಕಂಡ ದುಗ್ಧಗ್ರಂಥಿಗಳಲ್ಲೂ ಆ ಗುರುತು ಸಿಕ್ಕಿತು.

ಆಗ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ನಮ್ಮ ದೊಡ್ಡಪ್ಪನಿಗೆ ಇದೇ ಆಪರೇಷನ್ ಆಗಿದೆ. ಪಿನ್ ಇದ್ದರೆ ಮತ್ತೆ ಬಂದೇ ಬರುತ್ತಾ?” ಗಂಟೆ ಹೊಡೆಯುವ ಹೊತ್ತು. ಅವಸರದಲ್ಲಿ “ಹೂಂ, ಸಾಮಾನ್ಯವಾಗಿ” ಎಂದುಬಿಟ್ಟೆ. ಅವಳು ಮಾತಾಡದೆ ಕೂತಳು.

ಮರುದಿನ ಹೊಸ ಪಾಠಕ್ಕೆ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. “ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವರಲ್ಲಿ ಫೇಲಾಗುವವರು ಹೆಚ್ಚು. ಹಾಗೆಂದು ಅವರೆಲ್ಲ ಫೇಲಾಗುತ್ತಾರಾ?” ಎಂದು ಕೇಳಿದೆ. “ಇಲ್ಲ ಮಿಸ್” ಎಂದರು. ಮೀಥೈಲ್ ಗುರುತೂ ಅಷ್ಟೇ: ಗುಂಪಿನ ಬಗ್ಗೆ ಹೇಳುತ್ತದೆ, ಒಬ್ಬರ ನಾಳೆಯನ್ನು ತೀರ್ಮಾನಿಸುವುದಿಲ್ಲ. ದೊಡ್ಡಪ್ಪನ ವಿಷಯ ಅವರನ್ನು ನೋಡುವ ವೈದ್ಯರಿಗೆ ಗೊತ್ತು, ನನಗಲ್ಲ ಎಂದೂ ಹೇಳಿದೆ. “ಕಿರುಪರೀಕ್ಷೆಯಲ್ಲಿ ನನಗೂ ಕಡಿಮೆ ಬಂದಿತ್ತು ಮಿಸ್” ಎಂದು ಅವಳು ನಕ್ಕಳು.

ಪಿನ್ನಿನ ಹೋಲಿಕೆಗೂ ಮಿತಿಯಿದೆ. ನೋಟ್‌ಬುಕ್ಕನ್ನು ನಕಲು ಮಾಡಿದರೆ ಪಿನ್ ನಕಲಾಗದು; ಕೋಶ ಒಡೆದಾಗ ಮೀಥೈಲ್ ಗುರುತು ಮರಿಕೋಶಕ್ಕೂ ದಾಟುತ್ತದೆ. ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಹೋಲಿಕೆಯ ಪಕ್ಕ ಅದರ ಮಿತಿಯನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತೇನೆ.