ಎದುರಾಳಿ ತಂಡದ ಪಟ್ಟಿಯನ್ನು ಮೊದಲೇ ಊಹಿಸಬಹುದೇ?

ಟೆನಿಸ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್‌ಗಳ ತಂಡ ಸ್ಪರ್ಧೆಗಳಲ್ಲಿ ಎರಡು ಆಟಗಳು ನಡೆಯುತ್ತವೆ. ಒಂದು ಅಂಕಣದಲ್ಲಿ ಎಲ್ಲರಿಗೂ ಕಾಣುವಂಥದು. ಇನ್ನೊಂದು ಅದಕ್ಕೂ ಮುಂಚೆ ಕಾಗದದ ಮೇಲೆ ನಡೆಯುವಂಥದು: ಯಾರನ್ನು ಎಷ್ಟನೆಯ ಆಟಕ್ಕೆ ಇಳಿಸಬೇಕು? ಎದುರಾಳಿ ಯಾರನ್ನು ಇಳಿಸಬಹುದು? ಈ ಎರಡನೆಯ ಆಟವನ್ನು ಗಣಿತದಿಂದ ಅರ್ಥಮಾಡಿಕೊಳ್ಳಬಹುದು.

ಜಪಾನಿನಲ್ಲಿ ಮಾಂಗಾ ಎಂಬ ಚಿತ್ರಕಥೆಗಳು ಬಹು ಜನಪ್ರಿಯ. ತಕೇಶಿ ಕೊನೊಮಿ ಅವರ 'ದಿ ಪ್ರಿನ್ಸ್ ಆಫ್ ಟೆನಿಸ್' ಒಂದು ವಾರಪತ್ರಿಕೆಯಲ್ಲಿ 1999ರಿಂದ 2008ರವರೆಗೆ ಧಾರಾವಾಹಿಯಾಗಿ ಬಂದು 42 ಸಂಪುಟಗಳಷ್ಟಾಯಿತು. ಶಾಲಾ ತಂಡಗಳ ನಡುವಿನ ಟೆನಿಸ್ ಪಂದ್ಯಗಳೇ ಅದರ ವಸ್ತು. ಒಂದು ಪಂದ್ಯದಲ್ಲಿ ಎರಡು ಡಬಲ್ಸ್, ಮೂರು ಸಿಂಗಲ್ಸ್, ಒಟ್ಟು ಐದು ಆಟಗಳು. ಮೂರು ಗೆದ್ದ ತಂಡಕ್ಕೆ ಜಯ. ಮುಂದಿನ ಪಂದ್ಯದಲ್ಲಿ ಯಾರು ಯಾವ ಸ್ಥಾನದಲ್ಲಿ ಆಡುತ್ತಾರೆ ಎಂದು ಮೊದಲೇ ಲೆಕ್ಕ ಹಾಕುವುದು ಅದರ ಓದುಗರಿಗೆ ಪ್ರಿಯವಾದ ಹವ್ಯಾಸ. ನಿಜ ಪಂದ್ಯಗಳಲ್ಲಿ ತರಬೇತುದಾರರು ಮಾಡುವ ಕೆಲಸವೂ ಇದೇ.

ಸಾಧ್ಯತೆಗಳು ಎಷ್ಟು?

ಮೊದಲು ಎಣಿಸೋಣ. ತಂಡದಲ್ಲಿ 8 ಆಟಗಾರರಿದ್ದಾರೆ, ಒಬ್ಬ ಒಂದೇ ಆಟ ಆಡಬೇಕು ಎಂದಿಟ್ಟುಕೊಳ್ಳಿ. ಮೂರು ಸಿಂಗಲ್ಸ್ ಸ್ಥಾನಗಳನ್ನು 8 × 7 × 6 = 336 ವಿಧಗಳಲ್ಲಿ ತುಂಬಬಹುದು. ಉಳಿದ ಐವರಲ್ಲಿ ಒಂದು ಜೋಡಿಯನ್ನು 10 ವಿಧಗಳಲ್ಲಿ, ಆಮೇಲೆ ಉಳಿದ ಮೂವರಲ್ಲಿ ಇನ್ನೊಂದು ಜೋಡಿಯನ್ನು 3 ವಿಧಗಳಲ್ಲಿ ಆರಿಸಬಹುದು. ಒಟ್ಟು 336 × 10 × 3 = 10,080 ಪಟ್ಟಿಗಳು. ಕಣ್ಣು ಮುಚ್ಚಿ ಊಹಿಸಿದರೆ ಹತ್ತು ಸಾವಿರಕ್ಕೆ ಒಂದರಷ್ಟೂ ಅವಕಾಶವಿಲ್ಲ.

ಆದರೆ ನಾವು ಕಣ್ಣು ಮುಚ್ಚಿ ಊಹಿಸುವುದಿಲ್ಲ. ಮೇಲಿನ ಕಥೆಯಲ್ಲಿ ಓಯಿಶಿ ಮತ್ತು ಕಿಕುಮಾರು ಪ್ರಸಿದ್ಧ ಡಬಲ್ಸ್ ಜೋಡಿ. ಅವರು ಮೊದಲ ಡಬಲ್ಸ್‌ನಲ್ಲಿ, ತಂಡದ ನಾಯಕ ಮೊದಲ ಸಿಂಗಲ್ಸ್‌ನಲ್ಲಿ ಆಡುವುದು ಖಚಿತ ಎಂದುಕೊಂಡರೆ, ಉಳಿದ 5 ಮಂದಿಯಿಂದ ಎರಡು ಸಿಂಗಲ್ಸ್ ಸ್ಥಾನಗಳಿಗೆ 5 × 4 = 20 ವಿಧ, ಒಂದು ಜೋಡಿಗೆ 3 ವಿಧ; ಒಟ್ಟು 60. ಎರಡೇ ಮಾಹಿತಿಗಳು ಸಾಧ್ಯತೆಗಳನ್ನು 168ನೆಯ ಒಂದು ಭಾಗಕ್ಕೆ ಇಳಿಸಿದವು. ಊಹೆಯ ಬಹುಪಾಲು ಕೆಲಸ ಇದೇ: ಆಗಲಾರದ್ದನ್ನು ಒಂದೊಂದಾಗಿ ತೆಗೆದುಹಾಕುವುದು.

ಮೂರು ತಂಡಗಳು, ಒಂದು ಮಾಯಾಚೌಕ

ಈಗ ಚಿಕ್ಕ ಉದಾಹರಣೆಯೊಂದನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಿಂದ ಮೂವರು ಆಟಗಾರರ ಒಂದೊಂದು ತಂಡ ಬಂದಿದೆ ಎಂದು ಕಲ್ಪಿಸಿಕೊಳ್ಳಿ. ಪ್ರತಿ ಪಂದ್ಯದಲ್ಲಿ ಮೂರು ಸಿಂಗಲ್ಸ್ ಆಟಗಳು. ಎರಡು ಗೆದ್ದವರಿಗೆ ಜಯ. ಆಟಗಾರರ ಬಲವನ್ನು 1ರಿಂದ 9ರವರೆಗಿನ ಅಂಕಿಗಳಿಂದ ಸೂಚಿಸೋಣ. ಸದ್ಯಕ್ಕೆ, ದೊಡ್ಡ ಅಂಕಿಯವನೇ ಸದಾ ಗೆಲ್ಲುತ್ತಾನೆ ಎಂದುಕೊಳ್ಳೋಣ.

ರೋಣ: 2, 7, 6
ನರಗುಂದ: 9, 5, 1
ಗಜೇಂದ್ರಗಡ: 4, 3, 8

ಇದು ಪ್ರಸಿದ್ಧ ಮಾಯಾಚೌಕ. ಅಡ್ಡಸಾಲು, ಕಂಬಸಾಲು, ಕರ್ಣ ಯಾವುದನ್ನು ಕೂಡಿದರೂ 15 ಬರುತ್ತದೆ. ಅಂದರೆ ಮೂರೂ ತಂಡಗಳ ಒಟ್ಟು ಬಲ ಸಮ. ಹಾಗಿದ್ದರೆ ಪಂದ್ಯಗಳೂ ಸಮಬಲದವೇ?

ನರಗುಂದದವರು 9, 5, 1 ಎಂಬ ಕ್ರಮದಲ್ಲಿ ಆಡಲಿ. ರೋಣದವರಿಗೆ ಆರು ಕ್ರಮಯೋಜನೆಗಳಿವೆ:

7, 6, 2: ಗೆಲುವು
7, 2, 6: ಸೋಲು
6, 7, 2: ಗೆಲುವು
6, 2, 7: ಸೋಲು
2, 7, 6: ಗೆಲುವು
2, 6, 7: ಗೆಲುವು

ಆರರಲ್ಲಿ ನಾಲ್ಕು ಸಲ ರೋಣಕ್ಕೆ ಜಯ. ರೋಣದ 2 ನರಗುಂದದ 5ರ ಎದುರು ಬಂದಾಗ ಮಾತ್ರ ಸೋಲು. ಇದೇ ರೀತಿ ಲೆಕ್ಕ ಹಾಕಿದರೆ ನರಗುಂದವು ಗಜೇಂದ್ರಗಡವನ್ನು ಆರರಲ್ಲಿ ನಾಲ್ಕು ಸಲ ಸೋಲಿಸುತ್ತದೆ. 5ರ ಎದುರು 8 ಬಂದಾಗ ಮಾತ್ರ ಅದಕ್ಕೆ ಸೋಲು. ಹಾಗಾದರೆ ರೋಣ ಗಜೇಂದ್ರಗಡವನ್ನು ಸುಲಭವಾಗಿ ಸೋಲಿಸಬೇಕಲ್ಲವೇ? ಇಲ್ಲ! ಗಜೇಂದ್ರಗಡವೇ ರೋಣವನ್ನು ಆರರಲ್ಲಿ ನಾಲ್ಕು ಸಲ ಸೋಲಿಸುತ್ತದೆ. ಓದುಗರು ಕಾಗದದ ಮೇಲೆ ಬರೆದು ಖಚಿತಪಡಿಸಿಕೊಳ್ಳಬಹುದು.

ಬಲಶಾಲಿಗೆ ಬಲಶಾಲಿ, ದುರ್ಬಲನಿಗೆ ದುರ್ಬಲ ಎಂಬ ಕ್ರಮದಲ್ಲಿ ಆಡಿಸಿದರೂ ಈ ಚಕ್ರ ಮುರಿಯುವುದಿಲ್ಲ. ‘ಅ’ಗಿಂತ ‘ಆ’ ದೊಡ್ಡದು, ‘ಆ’ಗಿಂತ ‘ಇ’ ದೊಡ್ಡದು, ಆದ್ದರಿಂದ ‘ಅ’ಗಿಂತ ‘ಇ’ ದೊಡ್ಡದು ಎಂಬ ನಿಯಮ ಸಂಖ್ಯೆಗಳಿಗೆ ಸರಿ, ತಂಡಗಳಿಗೆ ಸರಿಯಾಗಬೇಕಿಲ್ಲ. "ಅವರು ಇವರನ್ನು ಸೋಲಿಸಿದ್ದಾರೆ, ಇವರು ನಮ್ಮನ್ನು ಸೋಲಿಸಿದ್ದಾರೆ, ನಮ್ಮ ಕಥೆ ಮುಗಿಯಿತು" ಎಂದು ಎದೆಗುಂದುವ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಬೇಕು.

ಪಟ್ಟಿ ಮೊದಲೇ ತಿಳಿದರೆ

ಎದುರಾಳಿಯ ಪಟ್ಟಿ ರೋಣದವರ ಕೈಗೆ ಮೊದಲೇ ಸಿಕ್ಕರೆ ಅವರು 2ನ್ನು 9ರ ಎದುರು ನಿಲ್ಲಿಸಿ ಉಳಿದೆರಡನ್ನು ಗೆಲ್ಲುತ್ತಾರೆ. ರೋಣದ ಪಟ್ಟಿ ನರಗುಂದಕ್ಕೆ ಮೊದಲೇ ಸಿಕ್ಕರೆ ಅವರು 5ನ್ನು 2ರ ಎದುರು ನಿಲ್ಲಿಸುತ್ತಾರೆ, ಜಯ ಅವರದು. ಆಟಗಾರರ ಬಲ ಬದಲಾಗಿಲ್ಲ, ಬದಲಾದದ್ದು ಮಾಹಿತಿ ಮಾತ್ರ. ಎರಡೂ ತಂಡಗಳ ಪಟ್ಟಿಗಳನ್ನು ಏಕಕಾಲಕ್ಕೆ, ಗುಟ್ಟಾಗಿ ಪಡೆಯುವ ಪದ್ಧತಿಗೆ ಕಾರಣವೇ ಇದು.

ಈ ಉಪಾಯ ಬಹಳ ಹಳೆಯದು. ಚೀನಾದ ಇತಿಹಾಸಕಾರ ಸಿಮಾ ಚಿಯೆನ್ ಬರೆದಿಟ್ಟಿರುವ ಕಥೆಯಲ್ಲಿ ಸುನ್ ಬಿನ್ ಎಂಬ ಯುದ್ಧತಜ್ಞ ತನ್ನ ಒಡೆಯನಿಗೆ ಕುದುರೆ ಪಂದ್ಯದಲ್ಲಿ ಸಲಹೆ ಕೊಡುತ್ತಾನೆ: ಎದುರಾಳಿಯ ಉತ್ತಮ ಕುದುರೆಯ ಎದುರು ನಮ್ಮ ಕೊನೆಯ ದರ್ಜೆಯದು, ಮಧ್ಯಮದ ಎದುರು ನಮ್ಮ ಉತ್ತಮ, ಕೊನೆಯದರ ಎದುರು ನಮ್ಮ ಮಧ್ಯಮ. ಒಂದು ಸೋತು ಎರಡು ಗೆದ್ದರು.

ಅಭ್ಯಾಸಕ್ಕೆ ತೆರಬೇಕಾದ ಬೆಲೆ

ಪಟ್ಟಿ ಗುಟ್ಟಾಗಿದ್ದರೂ ಅಭ್ಯಾಸ ಗುಟ್ಟಾಗಿರುವುದಿಲ್ಲ. ನರಗುಂದದವರು ಹಿಂದಿನ 10 ಪಂದ್ಯಗಳಲ್ಲಿ 8 ಸಲ 5ನ್ನು ಎರಡನೆಯ ಸ್ಥಾನದಲ್ಲಿ, ಒಂದೊಂದು ಸಲ ಮೊದಲ ಮತ್ತು ಮೂರನೆಯ ಸ್ಥಾನಗಳಲ್ಲಿ ಆಡಿಸಿದ್ದಾರೆ ಎನ್ನೋಣ. ರೋಣದವರು 2ನ್ನು ಮೊದಲ ಸ್ಥಾನಕ್ಕೆ ಹಾಕುತ್ತಾರೆ. ನರಗುಂದದ ಅಭ್ಯಾಸ ಹಾಗೇ ಮುಂದುವರಿದರೆ ರೋಣದ ಗೆಲುವಿನ ಸಂಭವನೀಯತೆ ಶೇಕಡ 67ರಿಂದ 90ಕ್ಕೆ ಏರುತ್ತದೆ.

ನರಗುಂದದವರೂ ಯೋಚಿಸಬಲ್ಲವರೇ. "ನಾವು 5ನ್ನು ಎರಡನೆಯದಾಗಿ ಹಾಕುತ್ತೇವೆಂದು ಅವರಿಗೆ ಗೊತ್ತು, ಅದಕ್ಕೇ 2ನ್ನು ಮೊದಲು ಹಾಕುತ್ತಾರೆ, ಆದ್ದರಿಂದ ನಾವು 5ನ್ನು ಮೊದಲು ಹಾಕೋಣ." ಇದನ್ನು ರೋಣದವರು ಊಹಿಸಿದರೆ? ಈ ಸರಣಿಗೆ ಕೊನೆಯೇ ಇಲ್ಲವೆನಿಸುತ್ತದೆ.

ಕೊನೆ ಇದೆ ಎಂದು 1928ರಲ್ಲಿ ಜಾನ್ ಫಾನ್ ನಾಯ್ಮನ್ ಸಾಧಿಸಿ ತೋರಿಸಿದರು. ಒಬ್ಬನ ಲಾಭವೇ ಇನ್ನೊಬ್ಬನ ನಷ್ಟವಾಗುವ, ಇಬ್ಬರೇ ಆಡುವ ಸೀಮಿತ ಆಟಗಳಲ್ಲಿ, ಆಯ್ಕೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಚೀಟಿ ಎತ್ತಿದಂತೆ ಆರಿಸಿದರೆ ಎದುರಾಳಿ ಎಷ್ಟೇ ಜಾಣನಾದರೂ ಒಂದು ಮಿತಿಯನ್ನು ಮೀರಿ ಲಾಭ ಪಡೆಯಲಾರ. ನಮ್ಮ ಉದಾಹರಣೆಯಲ್ಲಿ ಆರು ಕ್ರಮಗಳಿವೆ, ದಾಳಕ್ಕೂ ಆರು ಮುಖಗಳಿವೆ. ನರಗುಂದದವರು ದಾಳ ಉರುಳಿಸಿ ಪಟ್ಟಿ ಮಾಡಿದರೆ ಅವರಿಗೆ ಮೂರರಲ್ಲಿ ಒಂದು ಪಾಲು ಗೆಲುವು ಖಾತರಿ. ರೋಣದವರು ದಾಳ ಉರುಳಿಸಿದರೆ ಮೂರರಲ್ಲಿ ಎರಡು ಪಾಲು ಖಾತರಿ. ದಾಳಕ್ಕೆ ಅಭ್ಯಾಸವಿಲ್ಲ, ಆದ್ದರಿಂದ ಅದನ್ನು ಓದಲಾಗುವುದಿಲ್ಲ.

ಬಲಶಾಲಿಯೇ ಸದಾ ಗೆಲ್ಲುತ್ತಾನೆಂಬ ನಮ್ಮ ಊಹೆಯನ್ನು ಈಗ ಸಡಿಲಿಸೋಣ. ಹೆಚ್ಚು ಬಲದವನು ಗೆಲ್ಲುವ ಸಂಭವನೀಯತೆ ಶೇಕಡ 80 ಎಂದಿರಲಿ. ಆಗ ಕ್ರಮ ಅನುಕೂಲವಾಗಿದ್ದರೆ ರೋಣದ ಗೆಲುವಿನ ಸಂಭವನೀಯತೆ 0.704, ಪ್ರತಿಕೂಲವಾಗಿದ್ದರೆ 0.296, ಎರಡೂ ತಂಡಗಳು ದಾಳ ಉರುಳಿಸಿದರೆ ಸರಾಸರಿ 0.568. ಎದುರಾಳಿಯ ಪಟ್ಟಿಯನ್ನು ಸರಿಯಾಗಿ ಊಹಿಸಿದ್ದರಿಂದ ಶೇಕಡ 57 ಇದ್ದದ್ದು 70 ಆಗುತ್ತದೆ. ಲಾಭ ನಿಜ, ಆದರೆ ಪಂದ್ಯ ಇನ್ನೂ ಆಡಬೇಕು.

ನಿಯಮಗಳು ಈ ಆಟವನ್ನು ಹೇಗೆ ಕಟ್ಟಿಹಾಕುತ್ತವೆ?

ಬ್ಯಾಡ್ಮಿಂಟನ್‌ನ ಥಾಮಸ್ ಕಪ್‌ನಲ್ಲಿ ಸಿಂಗಲ್ಸ್ ಆಟಗಾರರನ್ನು ವಿಶ್ವ ಶ್ರೇಯಾಂಕದ ಕ್ರಮದಲ್ಲೇ ಆಡಿಸಬೇಕು. ಸುನ್ ಬಿನ್‌ನ ಉಪಾಯಕ್ಕೆ ಅಲ್ಲಿ ಜಾಗವಿಲ್ಲ. 2022ರ ಮೇ 15ರಂದು ಬ್ಯಾಂಕಾಕ್‌ನ ಫೈನಲ್‌ನಲ್ಲಿ ಭಾರತ ಇಂಡೊನೇಷ್ಯಾವನ್ನು 3–0ರಿಂದ ಸೋಲಿಸಿ ಮೊದಲ ಬಾರಿಗೆ ಆ ಕಪ್ ಗೆದ್ದಾಗ, ಮೊದಲ ಸಿಂಗಲ್ಸ್ ಆಡಿದ್ದು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದ ಲಕ್ಷ್ಯ ಸೇನ್.

ಟೆನಿಸ್‌ನ ಡೇವಿಸ್ ಕಪ್‌ನಲ್ಲಿ 2018ರವರೆಗೆ ಪ್ರಮುಖ ಪಂದ್ಯಗಳಿಗೆ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್ ಇರುತ್ತಿದ್ದವು. ಮೊದಲ ದಿನ ಪ್ರತಿ ತಂಡದ ಮೊದಲನೆಯವನು ಎದುರಾಳಿಯ ಎರಡನೆಯವನೊಡನೆ ಆಡಬೇಕು; ಯಾವ ಆಟ ಮುಂಚೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ತಂಡದ ನಾಯಕ ಯಾರನ್ನು ಆಡಿಸಬೇಕೆಂದು ಆರಿಸಬಹುದಿತ್ತು, ಯಾರ ಎದುರು ಎಂದಲ್ಲ. ದಾಳ ಇಲ್ಲಿ ನಿಯಮದೊಳಗೇ ಸೇರಿತ್ತು.

ಕಥೆಯ ಪಂದ್ಯ, ಬೆಂಗಳೂರಿನ ಪಂದ್ಯ

ಸಮಬಲದ ಎರಡು ತಂಡಗಳ ಐದು ಆಟಗಳ ಪಂದ್ಯ ಕೊನೆಯ ಆಟದವರೆಗೂ ಎಳೆಯಬೇಕಾದರೆ ಮೊದಲ ನಾಲ್ಕು ಆಟಗಳು 2–2 ಆಗಿರಬೇಕು. ಇದರ ಸಂಭವನೀಯತೆ 6/16, ಅಂದರೆ ಶೇಕಡ 37.5. ಮೊದಲೆರಡು ಸೋತು ಮುಂದಿನ ಮೂರೂ ಗೆಲ್ಲುವ ಸಂಭವನೀಯತೆ 1/32 ಮಾತ್ರ. ಆದರೆ ಕೊನೊಮಿಯವರ ಕಥೆಯಲ್ಲಿ ನಾಯಕನ ಶಾಲೆ ರಿಕ್ಕಾಯ್ ಶಾಲೆಯನ್ನು ಎರಡು ಫೈನಲ್‌ಗಳಲ್ಲಿ ಎದುರಿಸುತ್ತದೆ. ಎರಡರಲ್ಲೂ ಮೊದಲೆರಡು ಸೋತು ಮುಂದಿನ ಮೂರನ್ನು ಗೆಲ್ಲುತ್ತದೆ. ಕಾಕತಾಳೀಯವೆಂದರೆ ಅದು 1,024ರಲ್ಲಿ ಒಂದು. ಇಲ್ಲಿ ಪಟ್ಟಿ ಬರೆಯುವವನೂ ಫಲಿತಾಂಶ ಬರೆಯುವವನೂ ಒಬ್ಬನೇ ಲೇಖಕ, ಅವನಿಗೆ ಕುತೂಹಲ ಕೊನೆಯವರೆಗೆ ಉಳಿಯಬೇಕು. ಆದ್ದರಿಂದ ಮಾಂಗಾದ ಪಟ್ಟಿಯನ್ನು ಊಹಿಸುವವರು ಆಟಗಾರನ ಬಲಕ್ಕಿಂತ ಕಥೆಯ ಅಗತ್ಯವನ್ನು ನೋಡಬೇಕು: ಯಾರ ಅಭ್ಯಾಸವನ್ನು ವಿವರವಾಗಿ ಚಿತ್ರಿಸಲಾಗಿದೆ, ಯಾರ ಹಳೆಯ ಲೆಕ್ಕ ಚುಕ್ತಾ ಆಗಿಲ್ಲ ಎಂದು.

ಲೇಖಕನಿಲ್ಲದ ಪಂದ್ಯ ಬೇರೆ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಭಾರತ ಮತ್ತು ಸರ್ಬಿಯಾ ಡೇವಿಸ್ ಕಪ್ ಆಡಿದವು. ಆಗ ವಿಶ್ವದ ಒಂದನೆಯ ಶ್ರೇಯಾಂಕದಲ್ಲಿದ್ದ ನೊವಾಕ್ ಜೊಕೊವಿಚ್ ಸರ್ಬಿಯಾ ತಂಡದಲ್ಲಿ ಇರಲಿಲ್ಲ. ಭಾರತ ಮೊದಲೆರಡು ಸಿಂಗಲ್ಸ್ ಸೋತಿತು. ಡಬಲ್ಸ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಮತ್ತು ಲಿಯಾಂಡರ್ ಪೇಸ್ ಎರಡು ಸೆಟ್‌ಗಳ ಹಿನ್ನಡೆಯಿಂದ ಎದ್ದು ಗೆದ್ದರು. ಸೋಮದೇವ್ ದೇವವರ್ಮನ್ ಗೆದ್ದು 2–2 ಮಾಡಿದರು. ಕಥೆಯಾಗಿದ್ದರೆ ಐದನೆಯ ಆಟ ಏನಾಗುತ್ತಿತ್ತೆಂದು ಹೇಳಬೇಕಿಲ್ಲ. ಆದರೆ ಯೂಕಿ ಭಾಂಬ್ರಿಯನ್ನು ಫಿಲಿಪ್ ಕ್ರಾಯಿನೊವಿಚ್ ಸೋಲಿಸಿದರು; ಸರ್ಬಿಯಾ 3–2ರಿಂದ ಗೆದ್ದಿತು.

ತರಗತಿಯಲ್ಲಿ ಮಾಡಿ ನೋಡಿ

1ರಿಂದ 9ರವರೆಗೆ ಬರೆದ ರಟ್ಟಿನ ಚೀಟಿಗಳನ್ನು ಮೇಲಿನಂತೆ ಮೂರು ಗುಂಪುಗಳಿಗೆ ಹಂಚಿ. ಎರಡು ಗುಂಪುಗಳು ಗುಟ್ಟಾಗಿ ಕ್ರಮ ಜೋಡಿಸಿ ಒಮ್ಮೆಲೇ ತೆರೆಯಲಿ. ಮೊದಲ 30 ಪಂದ್ಯಗಳಲ್ಲಿ ಮಕ್ಕಳು ತಾವೇ ಯೋಚಿಸಿ ಜೋಡಿಸಲಿ, ಮುಂದಿನ 30ರಲ್ಲಿ ದಾಳ ಉರುಳಿಸಲಿ. ಮೂರನೆಯ ಗುಂಪು ಪ್ರತಿ ಪಂದ್ಯಕ್ಕೂ ಮುಂಚೆ "5 ಎರಡನೆಯ ಸ್ಥಾನದಲ್ಲಿ ಬರುವ ಸಂಭವನೀಯತೆ ಇಷ್ಟು" ಎಂದು ಬರೆದಿಡಲಿ. ಊಹೆಗೆ ಅಂಕ ಕೊಡಲು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ವಿಧಾನವಿದೆ: ಊಹೆಗೂ ವಾಸ್ತವಕ್ಕೂ ಇರುವ ಅಂತರದ ವರ್ಗ. 0.8 ಎಂದು ಬರೆದು ಅದು ನಡೆದರೆ ದಂಡ 0.04, ನಡೆಯದಿದ್ದರೆ 0.64. ಕಡಿಮೆ ದಂಡದವರು ಉತ್ತಮ ಊಹೆಗಾರರು. ಪಂದ್ಯ ಮುಗಿದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎನ್ನುವವರಿಗೆ ಇಲ್ಲಿ ಅಂಕವಿಲ್ಲ. ಮಕ್ಕಳು ತಾವೇ ಜೋಡಿಸಿದ ಪಂದ್ಯಗಳಿಗೂ ದಾಳದ ಪಂದ್ಯಗಳಿಗೂ ದಂಡ ಹೇಗೆ ಬದಲಾಗುತ್ತದೆಂದು ಹೋಲಿಸಿ ನೋಡಿ.

ದೈಹಿಕ ಶಿಕ್ಷಕರಿಗೆ ಒಂದು ಮಾತು. ರಟ್ಟಿನ ಚೀಟಿಗೆ ಬೇಸರವಾಗುವುದಿಲ್ಲ; 9ರ ಎದುರು ನಿಲ್ಲಿಸಿದ ಮಗುವಿಗೆ ಆಗುತ್ತದೆ. ಹಾಗೆ ನಿಲ್ಲಿಸುವುದಾದರೆ ಕಾರಣವನ್ನು ಆ ಮಗುವಿಗೆ ಮೊದಲೇ ತಿಳಿಸಿ, ಮೇಲಿನ ಆರು ಸಾಲುಗಳ ಲೆಕ್ಕವನ್ನೂ ತೋರಿಸಿ. ಅಲ್ಲದೆ ಮಗುವಿನ ಬಲ ರಟ್ಟಿನ ಮೇಲೆ ಬರೆದ ಅಂಕಿಯಲ್ಲ. ಈ ವರ್ಷ 2 ಆಗಿದ್ದವನು ಅಭ್ಯಾಸದಿಂದ ಮುಂದಿನ ವರ್ಷ 6 ಆಗಬಲ್ಲ. ಆಗ ಎದುರಾಳಿಯ ಎಲ್ಲ ಲೆಕ್ಕಗಳನ್ನೂ ಹೊಸದಾಗಿ ಮಾಡಬೇಕಾಗುತ್ತದೆ.